ನೆಲವನ್ನು ಓದಬಲ್ಲ ಮಕ್ಕಳು ನಮಗೆ ಬೇಕು

ಪ್ರತಿವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಕೂಡಲೇ ನಮ್ಮ ಮದ್ರಸದ ಜಗಲಿಗೆ ಹೆತ್ತವರ ಆಗಮನ ಆರಂಭವಾಗುತ್ತದೆ. ಕೈಯಲ್ಲಿ ಅಂಕಪಟ್ಟಿ, ಮುಖದಲ್ಲಿ ಆತಂಕ. "ಉಸ್ತಾದರೇ, ಮಗನನ್ನು ಯಾವುದಕ್ಕೆ ಸೇರಿಸುವುದು?" ಎಂದು ಕೇಳುತ್ತಾರೆ. ಆದರೆ ಪ್ರಶ್ನೆಯ ಜೊತೆಗೇ ಉತ್ತರವನ್ನೂ ಅವರು ತಂದಿರುತ್ತಾರೆ. ಅಂಕ ಹೆಚ್ಚಿದ್ದರೆ ವೈದ್ಯಕೀಯ, ಸ್ವಲ್ಪ ಕಡಿಮೆಯಾದರೆ ಇಂಜಿನಿಯರಿಂಗ್, ಇನ್ನೂ ಕಡಿಮೆಯಾದರೆ ಬಿಕಾಂ, ಅದೂ ಬೇಡವೆಂದರೆ ಪಾಸ್‌ಪೋರ್ಟ್. ನಮ್ಮ ಶಿಕ್ಷಣ ಚಿಂತನೆಯ ನಾಲ್ಕು ಗೋಡೆಗಳು ಇವೇ. ಈ ಗೋಡೆಗಳಾಚೆ ಮಣ್ಣು, ನೀರು, ಕಾಡು, ಕಡಲುಗಳಿವೆ, ಅವುಗಳ ಬಗ್ಗೆಯೂ ವಿಶ್ವವಿದ್ಯಾಲಯಗಳಲ್ಲಿ ವರ್ಷಗಟ್ಟಲೆ ಕಲಿಸುತ್ತಾರೆ ಎಂಬ ವಿಷಯ ನಮ್ಮ ಮನೆಗಳಲ್ಲಿ ಚರ್ಚೆಗೇ ಬರುವುದಿಲ್ಲ.

ಇದನ್ನು ದೂರುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನನ್ನಲ್ಲಿ ಕಲಿತ ಹುಡುಗನೊಬ್ಬ ತಂದೆಯೊಂದಿಗೆ ಬಂದಿದ್ದ. ಅಡಿಕೆ ತೋಟವಿದ್ದ ಮಲೆನಾಡಿನ ಮಧ್ಯಮ ಕುಟುಂಬ. "ಉಸ್ತಾದ್, ಅರಣ್ಯ ಕಾಲೇಜಿನಲ್ಲಿ ನನಗೆ ಸೀಟು ಸಿಗುವ ಹಾಗಿದೆ" ಎಂದ. ಅವನ ಕಣ್ಣಲ್ಲಿ ಹೊಳಪಿತ್ತು. ತಂದೆ ನನ್ನ ಮುಖ ನೋಡಿದರು. ನಾನು ಯೋಚಿಸದೆ, "ಕಾಡು ಕಾಯುವುದಕ್ಕೆ ನಾಲ್ಕು ವರ್ಷ ಓದಬೇಕೇ?" ಎಂದುಬಿಟ್ಟೆ. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಹುಡುಗನೂ ನಕ್ಕ. ತಂದೆ ತೋಟದ ಒಂದು ಭಾಗವನ್ನು ಮಾರಿ ಖಾಸಗಿ ಇಂಜಿನಿಯರಿಂಗ್ ಕಾಲೇಜೊಂದಕ್ಕೆ ಅವನನ್ನು ಸೇರಿಸಿದರು. ಮನಸ್ಸಿಲ್ಲದ ಓದು ಹೇಗೋ ಮುಗಿಯಿತು. ಈಗ ಅವನು ಕೊಲ್ಲಿ ರಾಷ್ಟ್ರವೊಂದರ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾನೆ.

ಪರದೇಶದ ದುಡಿಮೆ ಕೀಳೆಂದು ನಾನು ಹೇಳುತ್ತಿಲ್ಲ. ನಮ್ಮೂರ ಎಷ್ಟೋ ಮನೆಗಳ ಹೆಂಚು, ಎಷ್ಟೋ ಹೆಣ್ಣುಮಕ್ಕಳ ಮದುವೆ ಆ ದುಡಿಮೆಯ ಫಲ. ಆದರೆ ಆತ ಒಮ್ಮೆ ರಜೆಯಲ್ಲಿ ಬಂದಾಗ ಉಳಿದ ತೋಟಕ್ಕೆ ನನ್ನನ್ನು ಕರೆದೊಯ್ದ. ಅಡಿಕೆಗೆ ಎಲೆಚುಕ್ಕಿ ರೋಗ ತಗುಲಿತ್ತು, ಸೋಗೆಗಳು ಸುಟ್ಟಂತೆ ಒಣಗಿದ್ದವು. ಅಂಗಡಿಯವರು ಕೊಟ್ಟ ಔಷಧಿಯನ್ನೆಲ್ಲ ತಂದೆ ಸಿಂಪಡಿಸಿ ಸೋತಿದ್ದರು. ಹುಡುಗ ಒಂದು ಸೋಗೆಯನ್ನು ಕೈಯಲ್ಲಿ ಹಿಡಿದು, "ಇದನ್ನೆಲ್ಲ ಕಲಿಯುವ ಅವಕಾಶ ನನಗಿತ್ತಲ್ಲ ಉಸ್ತಾದ್" ಎಂದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ಆದ್ದರಿಂದಲೇ ಅದು ನನ್ನನ್ನು ಹೆಚ್ಚು ಚುಚ್ಚಿತು. ಅಂದಿನಿಂದ ಈ ವಿಷಯವನ್ನು ವಿಚಾರಿಸಿ ತಿಳಿಯತೊಡಗಿದೆ. ತಿಳಿದದ್ದನ್ನು ಓದುಗರ ಮುಂದಿಡುವುದು ನನ್ನ ಮೇಲಿನ ಋಣವೆಂದು ಭಾವಿಸಿದ್ದೇನೆ.

ಮೊದಲನೆಯದಾಗಿ, ಈ ಓದು ಎಲ್ಲಿ ದೊರೆಯುತ್ತದೆ ಎಂಬುದನ್ನು ನೋಡೋಣ. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ಸರಕಾರಿ ವಿಶ್ವವಿದ್ಯಾಲಯಗಳಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಮತ್ತು ಧಾರವಾಡದ್ದು 1986ರಲ್ಲಿ ಸ್ಥಾಪನೆಯಾದವು. ಆನಂತರ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ, ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಹಾಗೂ ಬೀದರಿನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಗಳು ಬಂದವು. ಧಾರವಾಡದ ಅಧೀನದಲ್ಲಿ ಶಿರಸಿಯ ಅರಣ್ಯ ಮಹಾವಿದ್ಯಾಲಯವಿದೆ. ಕೊಡಗಿನ ಪೊನ್ನಂಪೇಟೆಯಲ್ಲಿಯೂ ಅರಣ್ಯ ಮಹಾವಿದ್ಯಾಲಯವಿದೆ. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ 1969ರಿಂದಲೂ ನಡೆಯುತ್ತಿದೆ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಗೆಂದೇ ಮಹಾವಿದ್ಯಾಲಯವಿದೆ.

ಈ ಪದವಿಗಳು ನಾಲ್ಕು ವರ್ಷಗಳವು. ಹೆಸರು ಬೇರೆ ಬೇರೆಯಾದರೂ ಎಲ್ಲದರ ಮೂಲ ಒಂದೇ: ಅಲ್ಲಾಹನು ಮನುಷ್ಯನಿಗೆ ಕೊಟ್ಟ ಮಣ್ಣು, ನೀರು, ಸಸ್ಯ, ಜೀವಸಂಕುಲಗಳನ್ನು ಬರಿದಾಗಿಸದೆ ಬಳಸುವುದು ಹೇಗೆಂಬ ಜ್ಞಾನ. ಬಿಎಸ್ಸಿ ಅಗ್ರಿಕಲ್ಚರ್‌ನಲ್ಲಿ ಮಣ್ಣು ವಿಜ್ಞಾನ, ಬೇಸಾಯಶಾಸ್ತ್ರ, ಸಸ್ಯರೋಗ, ಕೀಟಶಾಸ್ತ್ರ, ಕೃಷಿ ಅರ್ಥಶಾಸ್ತ್ರಗಳಿವೆ. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳುಹಿಸುತ್ತಾರೆ. ಅಲ್ಲಿ ತಿಂಗಳುಗಟ್ಟಲೆ ಉಳಿದು, ರೈತರೊಂದಿಗೆ ಹೊಲಕ್ಕಿಳಿದು ಕಲಿಯಬೇಕು. ಬಿಎಸ್ಸಿ ಫಾರೆಸ್ಟ್ರಿಯಲ್ಲಿ ಮರಗಳನ್ನು ಗುರುತಿಸುವುದು, ಮರದ ಪ್ರಮಾಣವನ್ನು ಅಳೆಯುವುದು, ಕಾಡು ಬೆಳೆಸುವುದು, ವನ್ಯಜೀವಿ ನಿರ್ವಹಣೆ, ಜಲಾನಯನ ನಿರ್ವಹಣೆ, ಉಪಗ್ರಹ ಚಿತ್ರಗಳಿಂದ ಭೂಮಿಯನ್ನು ಓದುವುದು ಸೇರಿವೆ. ಗಣಿತದಲ್ಲಿ ಆಸಕ್ತಿಯುಳ್ಳವರಿಗೆ ಬಿ.ಟೆಕ್ ಕೃಷಿ ಇಂಜಿನಿಯರಿಂಗ್ ಇದೆ. ಮಣ್ಣಿನ ಸವಕಳಿ ತಡೆಯುವುದು, ಚೆಕ್ ಡ್ಯಾಂ ಮತ್ತು ನೀರಾವರಿ ವಿನ್ಯಾಸ, ಕೃಷಿ ಯಂತ್ರೋಪಕರಣಗಳು ಅದರ ವಿಷಯ. ಮಗನನ್ನು ಇಂಜಿನಿಯರ್ ಎಂದೇ ಕರೆಯಬೇಕೆಂಬ ಹಂಬಲವಿರುವ ತಂದೆಗೆ ಇಲ್ಲಿಯೂ ನಿರಾಶೆಯಿಲ್ಲ!

ಇಂತಹ ಜ್ಞಾನದ ಅಗತ್ಯ ಇಂದು ಹಿಂದೆಂದಿಗಿಂತ ಹೆಚ್ಚಾಗಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದ್ದನ್ನು ಕಂಡಿದ್ದೇವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರಕಾರ ಘೋಷಿಸಿತು. ಅದರ ಮರುವರ್ಷ, 2024ರ ಜುಲೈಯಲ್ಲಿ, ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿಯಿತು. ಅದೇ ತಿಂಗಳು ನೆರೆಯ ವಯನಾಡಿನಲ್ಲಿ ಊರುಗಳೇ ಮಣ್ಣಿನಡಿ ಸೇರಿದವು. ಪ್ರತಿ ಸಲವೂ ನಮ್ಮ ಯುವಕರು ಧಾವಿಸಿ ಹೋಗಿ ಮಣ್ಣು ಅಗೆದಿದ್ದಾರೆ, ಅನ್ನ ಹಂಚಿದ್ದಾರೆ, ಮಯ್ಯಿತ್ತುಗಳನ್ನು ಹೊತ್ತಿದ್ದಾರೆ. ಇದು ಹೆಮ್ಮೆಯ ಸಂಗತಿ. ಆದರೆ ಗುಡ್ಡದ ಯಾವ ಇಳಿಜಾರಿನಲ್ಲಿ ಮನೆ ಕಟ್ಟಬಾರದು, ಎಲ್ಲಿ ಮಣ್ಣು ಕಡಿಯಬಾರದು, ಮಳೆನೀರಿಗೆ ಯಾವ ದಾರಿ ಬಿಡಬೇಕು ಎಂಬುದನ್ನು ಮೊದಲೇ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಕುಸಿದ ಮೇಲೆ ಅಗೆಯುವ ಕೈಗಳಷ್ಟೇ, ಕುಸಿಯುವ ಮೊದಲು ಎಚ್ಚರಿಸುವ ಅರಿವೂ ಸಮುದಾಯದ ಸೇವೆಯೇ ಆಗಿದೆ.

ಇನ್ನು ಪ್ರವೇಶದ ವಿಚಾರ. ರಾಜ್ಯದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯೇ ಬಾಗಿಲು. ವಿಶ್ವವಿದ್ಯಾಲಯಗಳ ಒಂದು ಪಾಲು ಸೀಟುಗಳು ಅಖಿಲ ಭಾರತ ಮಟ್ಟದಲ್ಲಿ ಸಿಯುಇಟಿ ಪರೀಕ್ಷೆಯ ಮೂಲಕ ತುಂಬುತ್ತವೆ. ಅದನ್ನು ಬರೆದವರು ಹೊರರಾಜ್ಯದ ಕೃಷಿ ವಿಶ್ವವಿದ್ಯಾಲಯಗಳಿಗೂ ಹೋಗಬಹುದು. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಕೃಷಿ, ಅರಣ್ಯ, ತೋಟಗಾರಿಕೆಗೆ ಜೀವಶಾಸ್ತ್ರ ಮುಖ್ಯ, ಕೃಷಿ ಇಂಜಿನಿಯರಿಂಗಿಗೆ ಗಣಿತ ಮುಖ್ಯ. ಸರಕಾರಿ ಸೀಟಿನ ಶುಲ್ಕ ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಹೋಲಿಸಿದರೆ ತೀರಾ ಕಡಿಮೆ. ಸಿಇಟಿ ಮೂಲಕ ಸೀಟು ಪಡೆದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆಯೂ ಇದೆ. ಅದರ ಷರತ್ತುಗಳನ್ನು ಓದಿ, ಸಂದೇಹವಿದ್ದರೆ ಉಲಮಾಗಳಲ್ಲಿ ವಿಚಾರಿಸಿ ಮುಂದುವರಿಯಬಹುದು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಈ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯನ್ನೂ ನಡೆಸುತ್ತಾರೆ. ಬೀಜ, ಗೊಬ್ಬರ, ಸಲಕರಣೆ, ಬೆಳೆಗಳನ್ನು ಮುಂದಿಟ್ಟು ಗುರುತಿಸಲು ಹೇಳುತ್ತಾರೆ. ಅಪ್ಪನೊಂದಿಗೆ ಗದ್ದೆಗಿಳಿದ ಹುಡುಗನಿಗೆ, ಅಜ್ಜಿಯೊಂದಿಗೆ ಬಿತ್ತನೆ ಬೀಜ ಆರಿಸಿದ ಹುಡುಗಿಗೆ ಇದೇನೂ ಕಷ್ಟವಲ್ಲ. ಆದರೆ ಈ ಕೋಟಾದ ಲಾಭ ಪಡೆಯಲು ಕೃಷಿಕ ಕುಟುಂಬವೆಂಬ ದಾಖಲೆ ಬೇಕು, ಅದನ್ನು ಅರ್ಜಿಯ ಹಂತದಲ್ಲಿಯೇ ನಮೂದಿಸಬೇಕು. ನಮ್ಮಲ್ಲಿ ಅನೇಕರು ಎಡವುವುದು ಇಲ್ಲೇ.

ನಮ್ಮ ಜಮಾಅತಿನ ಕುಟುಂಬವೊಂದರ ಕಥೆ ಹೇಳುತ್ತೇನೆ. ಮೂರು ತಲೆಮಾರುಗಳಿಂದ ಭತ್ತ ಬೆಳೆಯುವವರು. ಮಗಳು ಬುದ್ಧಿವಂತೆ. ದಾಖಲೆಗೆಂದು ನಾಡಕಚೇರಿಗೆ ಹೋದಾಗ ತಿಳಿದದ್ದೇನು? ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ! ಅಜ್ಜ ತೀರಿಕೊಂಡು ಇಪ್ಪತ್ತು ವರ್ಷಗಳಾಗಿವೆ. ಪೌತಿ ಖಾತೆ ಆಗಿಲ್ಲ, ಪಾಲು ಆಗಿಲ್ಲ, ಪೋಡಿ ಆಗಿಲ್ಲ. ಚಿಕ್ಕಪ್ಪ ಒಬ್ಬರು ಮುಂಬೈಯಲ್ಲಿ, ಅತ್ತೆಯರು ಮೂರು ಊರುಗಳಲ್ಲಿ. ಕಾಗದ ಸರಿಯಾಗುವಷ್ಟರಲ್ಲಿ ಕೊನೆಯ ದಿನಾಂಕ ದಾಟಿತ್ತು. ಆಕೆಗೆ ನ್ಯಾಯವಾಗಿ ದೊರೆಯಬೇಕಿದ್ದ ಅವಕಾಶ ತಪ್ಪಿದ್ದು ಯಾರ ಪಕ್ಷಪಾತದಿಂದಲೂ ಅಲ್ಲ, ನಮ್ಮದೇ ಉದಾಸೀನದಿಂದ. ಮೃತನ ಆಸ್ತಿಯನ್ನು ವಾರಸುದಾರರಿಗೆ ಹಂಚುವುದು ನಮ್ಮ ಪಾಲಿಗೆ ಬರೇ ಲೌಕಿಕ ವ್ಯವಹಾರವಲ್ಲ. ಅದನ್ನು ಇಪ್ಪತ್ತು ವರ್ಷ ಮುಂದೂಡಿದವರು ಹೆಣ್ಣುಮಕ್ಕಳ ಹಕ್ಕನ್ನು ಇಪ್ಪತ್ತು ವರ್ಷ ತಡೆಹಿಡಿದಂತಾಯಿತು. ಅದರ ಫಲವನ್ನು ಮೊಮ್ಮಗಳು ಉಣ್ಣಬೇಕಾಯಿತು.

"ಉಸ್ತಾದರೇ, ಜಮೀನಿದ್ದವರಿಗೆ ಸರಿ. ನಮಗೆ ಮನೆ ಕಟ್ಟಲು ಐದು ಸೆಂಟ್ಸೂ ಇಲ್ಲ" ಎನ್ನುವವರಿದ್ದಾರೆ. ಇದು ನಿಜ. ಸಮುದಾಯದ ಬಹುಪಾಲು ಜನರಿಗೆ ಭೂಮಿಯಿಲ್ಲ. ಆದರೆ ಭೂಮಿಯ ಉತ್ಪನ್ನದೊಂದಿಗೆ ನಮಗಿರುವಷ್ಟು ಒಡನಾಟ ಎಷ್ಟು ಜನರಿಗಿದೆ? ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆ ನೂಲು ಬಿಚ್ಚುವ ಅದೆಷ್ಟೋ ಮನೆಗಳು ನಮ್ಮವು. ಕರಾವಳಿಯಲ್ಲಿ ಮೀನು ವ್ಯಾಪಾರದಲ್ಲಿ ನಾವಿದ್ದೇವೆ. ಮರದ ಡಿಪೊ, ಹಣ್ಣಿನ ಮಂಡಿ, ಅಡಿಕೆ, ಕಾಳುಮೆಣಸು, ತೆಂಗು ವ್ಯಾಪಾರಗಳಲ್ಲಿ ನಾವಿದ್ದೇವೆ. ಸರಕಿನ ಬೆಲೆ ನಮಗೆ ಬೆರಳ ತುದಿಯಲ್ಲಿದೆ, ಸರಕಿನ ವಿಜ್ಞಾನ ಮಾತ್ರ ಗೊತ್ತಿಲ್ಲ. ಬಿಸಿನೀರಿನ ಆವಿಯಲ್ಲಿ ಕೈ ಬೇಯಿಸಿಕೊಂಡು ನೂಲು ಬಿಚ್ಚುವ ತಂದೆಯ ಮಗಳು ಚಿಂತಾಮಣಿಯಲ್ಲಿ ರೇಷ್ಮೆ ವಿಜ್ಞಾನ ಓದಿದರೆ, ಮೀನು ಮಾರುವವರ ಮಗ ಮಂಗಳೂರಿನಲ್ಲಿ ಮೀನುಗಾರಿಕೆ ವಿಜ್ಞಾನ ಓದಿದರೆ, ಆ ಕುಟುಂಬ ತನ್ನ ಕಸುಬನ್ನು ಬಿಡದೆಯೇ ಒಂದು ಮೆಟ್ಟಿಲು ಮೇಲೇರುತ್ತದೆ.

ಅಷ್ಟೇ ಅಲ್ಲ. ವೈಯಕ್ತಿಕವಾಗಿ ಭೂಮಿ ಇಲ್ಲದಿದ್ದರೂ ಸಾಮೂಹಿಕವಾಗಿ ನಮಗೊಂದು ಭೂಮಿ ಇದೆ: ವಕ್ಫ್. ಮಸೀದಿಯ ತೋಟ, ಖಬರಸ್ತಾನದ ಜಾಗ, ಯಾರೋ ಪುಣ್ಯಾತ್ಮರು ಬಡವರಿಗಾಗಿ ಬಿಟ್ಟುಹೋದ ಹೊಲ. ಅವುಗಳ ಸ್ಥಿತಿ ಹೇಗಿದೆ? ಬಹಳಷ್ಟು ಊರುಗಳಲ್ಲಿ ಕಾಗದಪತ್ರಗಳು ಹಳೆಯ ಪೆಟ್ಟಿಗೆಯೊಂದರಲ್ಲಿವೆ, ಗಡಿ ಎಲ್ಲಿಯವರೆಗೆಂಬುದು ಮುದುಕರೊಬ್ಬರ ನೆನಪಿನಲ್ಲಿದೆ. ಸರ್ವೆ ನಕ್ಷೆ ಓದಬಲ್ಲವರಿಲ್ಲ, ಹದ್ದುಬಸ್ತಿಗೆ ಅರ್ಜಿ ಹಾಕಬಲ್ಲವರಿಲ್ಲ. ವಿವಾದ ಬಂದಾಗ ಭಾಷಣಗಳಿಗೆ ಕೊರತೆಯಿಲ್ಲ, ನಕ್ಷೆ ಬಿಡಿಸಿ ಮಾತನಾಡುವವರ ಕೊರತೆ ಇದೆ. ಪ್ರತಿ ಮೊಹಲ್ಲಾದಲ್ಲಿ ಭೂಮಾಪನ ಕಲಿತ ಒಬ್ಬನಿದ್ದಿದ್ದರೆ, ನಮ್ಮದಲ್ಲದ್ದನ್ನು ನಮ್ಮದೆನ್ನುವ ತಪ್ಪೂ, ನಮ್ಮದನ್ನು ಕಳೆದುಕೊಳ್ಳುವ ನಷ್ಟವೂ ಎಷ್ಟೋ ಕಡಿಮೆಯಾಗುತ್ತಿದ್ದವು. ಅನ್ಯಾಯವಾಗಿ ಗೇಣಷ್ಟು ನೆಲ ಕಬಳಿಸಿದವನ ಕೊರಳಿಗೆ ಅಂತ್ಯದಿನದಂದು ಏಳು ಭೂಮಿಗಳ ಭಾರ ಬೀಳುವುದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಆ ಗೇಣನ್ನು ಅಳೆಯಬಲ್ಲವನು ಎರಡೂ ಕಡೆಯವರನ್ನು ಪಾಪದಿಂದ ಕಾಪಾಡುತ್ತಾನೆ.

ಇದು ನಮಗೆ ಪರಕೀಯ ವಿದ್ಯೆಯೂ ಅಲ್ಲ. ಖಲೀಫ ಉಮರ್(ರ) ಇರಾಕಿನ ಫಲವತ್ತಾದ ಸವಾದ್ ಪ್ರದೇಶವನ್ನು ಸೈನಿಕರಿಗೆ ಹಂಚದೆ, ಮುಂದಿನ ತಲೆಮಾರುಗಳಿಗಾಗಿ ಉಳಿಸಲು ತೀರ್ಮಾನಿಸಿದಾಗ ಮೊದಲು ಮಾಡಿದ ಕೆಲಸಗಳಲ್ಲೊಂದು ಉಸ್ಮಾನ್ ಬಿನ್ ಹುನೈಫ್(ರ)ರಂತಹ ಸಹಾಬಿಗಳನ್ನು ಕಳುಹಿಸಿ ಆ ಭೂಮಿಯನ್ನು ಅಳೆಸಿದ್ದು. 12ನೇ ಶತಮಾನದಲ್ಲಿ ಸ್ಪೇನಿನ ಸೆವಿಲ್ಲೆಯ ಇಬ್ನುಲ್ ಅವ್ವಾಮ್ ಮಣ್ಣು, ಗೊಬ್ಬರ, ಕಸಿ, ನೀರಾವರಿ, ಪಶುಪಾಲನೆಗಳ ಬಗ್ಗೆ 'ಕಿತಾಬುಲ್ ಫಿಲಾಹ' ಎಂಬ ಬೃಹತ್ ಗ್ರಂಥವನ್ನೇ ರಚಿಸಿದರು. ನಮ್ಮ ಬೆಂಗಳೂರಿನ ಲಾಲ್‌ಬಾಗ್‌ಗೆ ಹೈದರಾಲಿ ಅಡಿಪಾಯ ಹಾಕಿದರು. ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಟಿಪ್ಪು ಸುಲ್ತಾನ್ ಉತ್ತೇಜನ ಕೊಟ್ಟರು.

ಕನ್ನಡ ಓದಿದವನಾಗಿ ಇನ್ನೊಂದು ಮಾತು. ತಾಲ್ಲೂಕು, ತಹಶೀಲ್ದಾರ್, ಜಮೀನು, ಹದ್ದು ಮುಂತಾಗಿ ನಾಡಕಚೇರಿಯಲ್ಲಿ ಕೇಳಿಬರುವ ಅದೆಷ್ಟೋ ಪದಗಳು ಅರಬಿ, ಪಾರಸಿಗಳಿಂದ ಕನ್ನಡಕ್ಕೆ ಬಂದು ಕನ್ನಡದ್ದೇ ಆಗಿವೆ. 'ರೈತ' ಎಂಬ ಪದವೂ ಹಾಗೆಯೇ. ಅದರ ಮೂಲ 'ರಈಯ್ಯತ್'. ನೀವೆಲ್ಲರೂ ಪಾಲಕರು, ನಿಮ್ಮ ಪಾಲನೆಗೆ ಒಪ್ಪಿಸಲಾದುದರ ಬಗ್ಗೆ ನಿಮ್ಮನ್ನು ಪ್ರಶ್ನಿಸಲಾಗುವುದು ಎಂಬ ಅರ್ಥದ ಪ್ರಸಿದ್ಧ ಹದೀಸಿನಲ್ಲಿ ಇರುವುದೂ ಇದೇ ಪದ, ಪಾಲನೆಗೆ ಒಪ್ಪಿಸಲಾದದ್ದು ಎಂಬ ಅರ್ಥದಲ್ಲಿ. ಪದ ನಮ್ಮ ನಾಲಗೆಯಲ್ಲಿ ಉಳಿದಿದೆ, ಹೊಣೆ ಮರೆತುಹೋಗಿದೆ.

ಬಣ್ಣ ಬಳಿದು ಹೇಳುವುದು ನನ್ನ ಉದ್ದೇಶವಲ್ಲ. ಈ ಪದವಿ ಪಡೆದ ಮಾತ್ರಕ್ಕೆ ಉದ್ಯೋಗ ಮನೆ ಬಾಗಿಲಿಗೆ ಬರುವುದಿಲ್ಲ. ಕೃಷಿ ಅಧಿಕಾರಿ, ವಲಯ ಅರಣ್ಯಾಧಿಕಾರಿಗಳಂತಹ ಹುದ್ದೆಗಳಿಗೆ ಪ್ರತಿವರ್ಷ ನೇಮಕಾತಿ ನಡೆಯುವುದಿಲ್ಲ, ನಡೆದಾಗ ಸ್ಪರ್ಧೆ ತೀವ್ರ. ಆದರೆ ದಾರಿಗಳು ಹಲವಿವೆ. ಬ್ಯಾಂಕುಗಳು ಕೃಷಿ ಕ್ಷೇತ್ರಾಧಿಕಾರಿಗಳನ್ನು ಈ ಪದವೀಧರರಿಂದಲೇ ಆರಿಸುತ್ತವೆ. ಕೇಂದ್ರ ಲೋಕಸೇವಾ ಆಯೋಗದ ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಕೃಷಿ, ಅರಣ್ಯ, ಇಂಜಿನಿಯರಿಂಗ್ ಪದವೀಧರರೂ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನದಂತಹ ವಿಷಯಗಳಲ್ಲಿ ಪದವಿ ಪಡೆದವರೂ ಅರ್ಹರು. ಬೀಜ, ಗೊಬ್ಬರ, ಆಹಾರ ಸಂಸ್ಕರಣಾ ಕಂಪೆನಿಗಳಿವೆ, ಸಂಶೋಧನೆ ಇದೆ, ಸ್ವಂತ ನರ್ಸರಿ, ಮಣ್ಣು ಪರೀಕ್ಷಾ ಕೇಂದ್ರಗಳಿವೆ. ಒಂದು ಎಚ್ಚರಿಕೆಯೂ ಬೇಕು. ಕೃಷಿ ಪದವಿಯ ಹೆಸರಿನಲ್ಲಿ ದೊಡ್ಡ ಮೊತ್ತ ಕೇಳುವ ಖಾಸಗಿ ಸಂಸ್ಥೆಗಳು ಹೆಚ್ಚುತ್ತಿವೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಾನ್ಯತೆ ಇದೆಯೇ, ಸರಕಾರಿ ನೇಮಕಾತಿಗೆ ಆ ಪದವಿ ನಡೆಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಹೆತ್ತವರ ಆತಂಕ ನನಗೆ ಅರ್ಥವಾಗುತ್ತದೆ. ಊರು ದೂರ, ಹೊಲದ ಕೆಲಸ, ಹಳ್ಳಿಯ ವಾಸ. ಆದರೆ ಈ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿನಿಯರಿಗೆ ಪ್ರತ್ಯೇಕ ಹಾಸ್ಟೆಲ್‌ಗಳಿವೆ. ಮೊದಲು ತಾಯಿ-ತಂದೆ ಇಬ್ಬರೂ ಹೋಗಿ ಒಮ್ಮೆ ನೋಡಿ ಬರಲಿ, ಅಲ್ಲಿ ಓದುತ್ತಿರುವ ಹುಡುಗಿಯರೊಂದಿಗೆ ಮಾತನಾಡಲಿ, ಆಮೇಲೆ ನಿರ್ಧರಿಸಲಿ. ನೋಡದೆಯೇ ಬೇಡವೆನ್ನುವುದು ನಾನು ಅಂದು ಮಾಡಿದಂತಹುದೇ ತಪ್ಪು.

ಹೆತ್ತವರು ನೆನಪಿಡಬೇಕಾದ ಇನ್ನೊಂದು ಸಂಗತಿ, ಈ ಬಾಗಿಲು ಪಿಯುಸಿ ನಂತರವಲ್ಲ, ಎಸೆಸೆಲ್ಸಿ ನಂತರವೇ ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಹಿಫ್ಝ್ ಮುಗಿಸಿ ಬಂದ ಜಾಣ ಹುಡುಗರನ್ನು ಯೋಚಿಸದೆ ಕಲಾ ವಿಭಾಗಕ್ಕೆ ಸೇರಿಸುವ ರೂಢಿ ನಮ್ಮಲ್ಲಿದೆ. ಇಡೀ ಕುರ್‌ಆನನ್ನು ಎದೆಯಲ್ಲಿಟ್ಟುಕೊಂಡ ಬಾಲಕನಿಗೆ ಜೀವಶಾಸ್ತ್ರದ ಪಾಠ ನೆನಪಿಡಲಾಗದೇ? ಎಸೆಸೆಲ್ಸಿ ನಂತರ ಕನ್ನಡ ಮಾಧ್ಯಮದಲ್ಲಿಯೇ ಓದಬಹುದಾದ ಎರಡು ವರ್ಷದ ಕೃಷಿ ಡಿಪ್ಲೊಮಾವನ್ನೂ ಕೃಷಿ ವಿಶ್ವವಿದ್ಯಾಲಯಗಳು ನಡೆಸುತ್ತಿವೆ. ಈಗಾಗಲೇ ಕಲೆ, ವಾಣಿಜ್ಯ ಓದಿದವರೂ ನಿರಾಶರಾಗಬೇಕಿಲ್ಲ. ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆ, ಆನಂದ್‌ನ ಗ್ರಾಮೀಣ ನಿರ್ವಹಣಾ ಸಂಸ್ಥೆಗಳ ಸ್ನಾತಕೋತ್ತರ ಶಿಕ್ಷಣಕ್ಕೆ ಯಾವುದೇ ವಿಷಯದ ಪದವೀಧರರು ಪ್ರಯತ್ನಿಸಬಹುದು. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ವಿಶ್ವವಿದ್ಯಾಲಯವಿದೆ.

ಜಮಾಅತ್ ಸಮಿತಿಗಳಲ್ಲಿ ನನ್ನ ವಿನಂತಿ ಮೂರೇ. ಒಂದು, ಎಸೆಸೆಲ್ಸಿ ಪರೀಕ್ಷೆಗೆ ಮುಂಚೆಯೇ ಮಕ್ಕಳನ್ನೂ ಹೆತ್ತವರನ್ನೂ ಕೂರಿಸಿ ಈ ಆಯ್ಕೆಗಳನ್ನು ವಿವರಿಸಿ. ಎರಡು, ಪೌತಿ ಖಾತೆ ಆಗದ ಮನೆಗಳನ್ನು ಗುರುತಿಸಿ, ತಿಳಿದವರನ್ನು ಜೊತೆಗೆ ಕಳುಹಿಸಿ ಕಾಗದ ಸರಿಪಡಿಸಲು ನೆರವಾಗಿ. ಮೂರು, ಮಸೀದಿಗೆ ಸೇರಿದ ಭೂಮಿಯ ನಕ್ಷೆಯನ್ನು ಪೆಟ್ಟಿಗೆಯಿಂದ ಹೊರತೆಗೆದು ಊರಿನ ಒಬ್ಬ ಯುವಕನಿಗಾದರೂ ಅದನ್ನು ಓದಲು ಕಲಿಸಿ.

ಮೊನ್ನೆ ನಮ್ಮ ಮದ್ರಸದ ಹತ್ತನೆಯ ತರಗತಿಯ ಬಾಲಕನೊಬ್ಬ ಪಾಠ ಮುಗಿದ ಮೇಲೆ ಉಳಿದುಕೊಂಡ. "ಉಸ್ತಾದ್, ಕಾಡಿನ ಬಗ್ಗೆ ಓದಲು ಕಾಲೇಜು ಇದೆಯಂತೆ, ಹೌದೇ?" ಎಂದು ಕೇಳಿದ. ಅಂದು ನಕ್ಕಿದ್ದ ಅದೇ ಜಗಲಿ. ಈ ಸಲ ನಾನು ನಗಲಿಲ್ಲ. "ಇದೆ ಮಗಾ, ಶಿರಸಿಯಲ್ಲೊಂದು, ಪೊನ್ನಂಪೇಟೆಯಲ್ಲೊಂದು. ನಾಳೆ ನಿನ್ನ ಅಬ್ಬನನ್ನು ಕರೆದುಕೊಂಡು ಬಾ, ಕುಳಿತು ಮಾತನಾಡೋಣ" ಎಂದೆ. ತಡವಾಗಿಯಾದರೂ ಸರಿಯಾದ ಉತ್ತರ ಕೊಡುವ ಅವಕಾಶವನ್ನು ಅಲ್ಲಾಹನು ನನಗೆ ಕರುಣಿಸಿದ. ತನ್ನ ಭೂಮಿಯನ್ನು ಅರಿತು ಕಾಪಾಡುವ ಪಾಲಕರಾಗಿ ನಮ್ಮ ಮಕ್ಕಳನ್ನು ಅವನು ಅನುಗ್ರಹಿಸಲಿ.